ಮುಸ್ತಫಾನ ಕಂಪನಿಯ ಕ್ಯಾಮೆರಾ

ನಮ್ಮ ಮನೆಯವರು ಹೊಸ ಕ್ಯಾಮೆರಾ ಆರಿಸತೊಡಗಿ ವರ್ಷದ ಮೇಲಾಗಿತ್ತು. ಅಷ್ಟರಲ್ಲಿ ನಮ್ಮ ಓಣಿಯಲ್ಲಿ ಕನ್ಯೆ ನೋಡಿ, ನಿಶ್ಚಯ ಮಾಡಿ, ಮದುವೆ ಮುಗಿಸಿ, ತೊಟ್ಟಿಲು ಕಟ್ಟಿದವರೂ ಇದ್ದರು. ಆ ಮದುವೆಗಳ ಫೋಟೋ ತೆಗೆದವರೂ ಇವರೇ, ಅದೇ ಹಳೆಯ ಕ್ಯಾಮೆರಾದಲ್ಲಿ. ಇವರಿಗೆ ಮಾತ್ರ ಒಂದು ಅಂಗೈಯಗಲದ ಡಬ್ಬಿ ಆರಿಸುವುದು ಮುಗಿಯಲಿಲ್ಲ.

ಕಲಘಟಗಿಯ ಬಸ್‌ಸ್ಟ್ಯಾಂಡಿನ ಬಾಜು ನಮ್ಮ ಸ್ಟುಡಿಯೋ. ಬೋರ್ಡಿನ ಮೇಲೆ ಇವರ ಹೆಸರು, ಗೌರೀಶ ಡಿಜಿಟಲ್ ಸ್ಟುಡಿಯೋ. ಬೋರ್ಡಿನ ಒಳಗೆ ಇರುವವಳು ನಾನು, ನಂದಾ. ಪಾಸ್‌ಪೋರ್ಟ್ ಫೋಟೋ ತೆಗೆಯುವವಳು ನಾನು, ಕಂಪ್ಯೂಟರಿನಲ್ಲಿ ಮದುಮಗಳ ಮೊಡವೆ ಅಳಿಸುವವಳು ನಾನು, ಆಲ್ಬಮ್ ಜೋಡಿಸುವವಳು ನಾನು, ಮದುವೆ ಮಂಟಪದಲ್ಲಿ ಇವರ ಹಿಂದೆ ಲೈಟ್ ಹಿಡಿದು ಕೈ ನೋಯಿಸಿಕೊಳ್ಳುವವಳೂ ನಾನೇ. ಹೊರಗಿನ ಕೆಲಸದಲ್ಲಿ ಕ್ಯಾಮೆರಾ ಹಿಡಿಯುವುದು ಮಾತ್ರ ಇವರದು. "ಕಣ್ಣ ಮುಚ್ಚಬ್ಯಾಡ್ರೆಪಾ, ಕಣ್ಣ ಮುಚ್ಚಬ್ಯಾಡ್ರಿ" ಎಂದು ಇವರು ರಾಗ ಎಳೆಯುವುದು ಇಡೀ ತಾಲೂಕಿಗೆ ಗೊತ್ತು. ರಸ್ತೆಯಲ್ಲಿ ಇವರನ್ನು ಕಂಡರೆ ಚಿಕ್ಕ ಮಕ್ಕಳು ಅದೇ ರಾಗದಲ್ಲಿ ಅಣಕಿಸುತ್ತಿದ್ದವು. ಇವರೂ ನಗುತ್ತಿದ್ದರು.

ಒಮ್ಮೆ ಒಂದು ಮದುವೆಯ ಆಲ್ಬಮ್ ಜೋಡಿಸಲು ಕೂತಾಗ ನನಗೆ ಸಿಟ್ಟು ನೆತ್ತಿಗೇರಿತು. ಗುಂಪಿನ ಫೋಟೋ ಒಂದೂ ನೆಟ್ಟಗಿರಲಿಲ್ಲ. ಬಲಗಡೆ ನಿಂತ ಅತ್ತೆಯರು, ಮಾವಂದಿರು ಅರ್ಧರ್ಧ ಕತ್ತರಿಸಿ ಹೋಗಿದ್ದರು. ಒಬ್ಬ ಮುದುಕಿಗೆ ಮುಖವೇ ಇಲ್ಲ, ಬರೇ ಸೆರಗು. "ಏನ್ರೀ ಇದು, ಮಂದಿ ಹಣಾ ಕೊಟ್ಟು ಅರ್ಧಾ ಮಾರಿ ತಗಸ್ಕೋತಾರೇನು?" ಎಂದು ಒದರಾಡಿದೆ. ಇವರು ಕಂಪ್ಯೂಟರಿನ ಹತ್ತಿರ ಬಂದು ಬಗ್ಗಿ ನೋಡಿದರು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ, "ಇಲ್ಲಿ ಯಾರ ನಿಂತಿದ್ರು?" ಎಂದು ಕೇಳಿದರು. ಅವರ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಹುಬ್ಬಳ್ಳಿಯ ಡಾಕ್ಟರರು ಕಣ್ಣಿನ ಬಿಪಿ ಎಂದರು. ಕಣ್ಣಿಗೂ ಬಿಪಿ ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಬಲಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಎಡಗಣ್ಣಿನಲ್ಲೂ ಕತ್ತಲೆ ಅಂಚಿನಿಂದ ಒಳಗೆ ಬರತೊಡಗಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ನೋಡೋಣ ಎಂದು ಹನಿ ಔಷಧ ಬರೆದುಕೊಟ್ಟರು. ನಾನು ಆ "ಉಳಿಸಿಕೊಳ್ಳಲು ನೋಡೋಣ" ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಆಡಿದ ಮೊದಲ ಮಾತು, "ಇನ್ನ ಮಿರರ್‌ಲೆಸ್ ತಗೋಬೇಕು ನೋಡು."

ಹಳೆಯ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ. ಎದುರಿನ ಬೆಳಕನ್ನು ಅದು ಕಣ್ಣಿಗೆ ಎತ್ತಿಕೊಡುತ್ತದೆ, ಕತ್ತಲ ಮನೆ ಕತ್ತಲಾಗಿಯೇ ಕಾಣುತ್ತದೆ. ಹೊಸದರಲ್ಲಿ ಕನ್ನಡಿಯೇ ಇಲ್ಲ, ಒಳಗೊಂದು ಪುಟ್ಟ ಟೀವಿ. ಕತ್ತಲ ಮನೆಯನ್ನೂ ಅದು ಬೆಳ್ಳಗೆ ತೋರಿಸುತ್ತದೆ, ಬೇಕಾದಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಇದನ್ನೆಲ್ಲ ಇವರು ಬಸ್ಸಿನುದ್ದಕ್ಕೂ ಹೇಳಿದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಮಿಶ್ರಿಕೋಟಿ ದಾಟುವಷ್ಟರಲ್ಲಿ ಅವರ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದೆ. ಹೊಸ ಕ್ಯಾಮೆರಾ ಆರಿಸಲು ಹೊರಟ ಮನುಷ್ಯ ಕುರುಡನಾಗುವುದಿಲ್ಲ ಎಂದು ನಾನು ಅವತ್ತೇ ನಂಬಿಬಿಟ್ಟೆ. ತಡಮಾಡುತ್ತಾರೆ ಎಂದು ಬೈಯುತ್ತಿದ್ದೆ, ನಿಜ. ಒಳಗೊಳಗೆ ಮಾತ್ರ ಈ ಆರಿಸುವ ಕೆಲಸ ಮುಗಿಯದೇ ಇದ್ದರೂ ನಡೆದೀತು ಎಂದುಕೊಳ್ಳುತ್ತಿದ್ದೆ. ದಿನಾ ಬೆಳಗ್ಗೆ, ಸಂಜೆ ಅವರ ತಲೆಯನ್ನು ಹಿಂದಕ್ಕೆ ಬಾಗಿಸಿ ಕಣ್ಣಿಗೆ ಹನಿ ಬಿಡುವಾಗ, "ಇವತ್ತ ಯಾವ ಕಂಪನಿ ನೋಡಿದ್ರಿ?" ಎಂದು ಕೇಳುತ್ತಿದ್ದೆ. ಅವರು ಫೋನಿನಲ್ಲಿ ಕಂಡ ವಿಡಿಯೋಗಳ ಸುದ್ದಿ ಹೇಳುತ್ತಿದ್ದರು.

ಹೊರಗಿನವರಿಗೆ ಇದರಲ್ಲಿ ಆರಿಸುವುದು ಏನಿದೆ ಅನ್ನಿಸಬಹುದು. ಒಂದು ಕಂಪನಿಯ ಲೆನ್ಸ್ ಇನ್ನೊಂದು ಕಂಪನಿಯ ಕ್ಯಾಮೆರಾದ ಬಾಯಿಗೆ ಕೂಡುವುದಿಲ್ಲ. ಎಲ್ಲ ಲೆನ್ಸೂ ಒಬ್ಬನೇ ಕೊಳ್ಳುತ್ತೇನೆಂದರೆ ನಮ್ಮಂಥವರ ಹೊಲ ಮನೆ ಸಾಲುವುದಿಲ್ಲ. ಅದಕ್ಕೇ ನಮ್ಮ ಕಡೆ ಫೋಟೋದವರು ಕೂಡಿ ಒಂದೇ ಕಂಪನಿ ಹಿಡಿಯುತ್ತಾರೆ. ಒಬ್ಬನ ಹತ್ತಿರ ದೂರದ್ದನ್ನು ಎಳೆಯುವ ದೊಡ್ಡ ಲೆನ್ಸ್, ಇನ್ನೊಬ್ಬನ ಹತ್ತಿರ ಇಡೀ ಮಂಟಪ ಹಿಡಿಯುವ ಅಗಲದ್ದು, ಮತ್ತೊಬ್ಬನ ಹತ್ತಿರ ಫ್ಲ್ಯಾಶು. ಮದುವೆ ಸೀಸನ್ನಿನಲ್ಲಿ ಇವೆಲ್ಲ ಊರಿಂದೂರಿಗೆ ಬಸ್ಸು ಹತ್ತಿ ಓಡಾಡುತ್ತವೆ. ಹೀಗಾಗಿ ನಮ್ಮಲ್ಲಿ ಕಂಪನಿ ಆರಿಸುವುದೆಂದರೆ ಬಳಗ ಆರಿಸುವುದು. ನಮ್ಮದು ನಿಕಾನ್ ಬಳಗ. ಇವರು, ಮಿಶ್ರಿಕೋಟಿಯ ಭೀಮಶಿ, ದುಮ್ಮವಾಡದ ಮುಸ್ತಫಾ.

ಮುಸ್ತಫಾ ಮತ್ತು ಇವರು ಅಣ್ಣತಮ್ಮಂದಿರ ಹಾಗಿದ್ದವರು. ದೊಡ್ಡ ಲೆನ್ಸನ್ನು ಪಾಲಿನಲ್ಲಿ ಕೊಂಡಿದ್ದರು. ಅದು ಒಂದು ಸೀಸನ್ ನಮ್ಮ ಮನೆಯಲ್ಲಿದ್ದರೆ ಇನ್ನೊಂದು ಸೀಸನ್ ಅವನ ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ಮುಸ್ತಫಾ ಎಲ್ಲರಿಗಿಂತ ಮೊದಲು ಮಿರರ್‌ಲೆಸ್ ತೆಗೆದುಕೊಂಡ. ಅದೂ ಸೋನಿ. ಪೇಢೆಯ ಡಬ್ಬಿ ಹಿಡಿದು ಸಂತೋಷದಿಂದ ಹೇಳಲು ಬಂದವನಿಗೆ ಇವರು, "ಬಳಗಾ ಬಿಟ್ಟ ಹೋದಂವಗ ನನ್ನ ಅಂಗಡ್ಯಾಗ ಏನ ಕೆಲಸ?" ಎಂದುಬಿಟ್ಟರು. ಮುಸ್ತಫಾ ಪೇಢೆಯ ಡಬ್ಬಿ ಟೇಬಲ್ಲಿನ ಮೇಲಿಟ್ಟ, ಪಾಲಿನ ಲೆನ್ಸನ್ನು ಚೀಲದಿಂದ ತೆಗೆದು ಅದರ ಬಾಜು ಇಟ್ಟ, ಹೋದ. ಅಂದಿನಿಂದ ಮಾತಿಲ್ಲ. ಮದುವೆಗಳಲ್ಲಿ ಇವರು ಹೆಣ್ಣಿನ ಕಡೆಯವರಾಗಿ, ಅವನು ಗಂಡಿನ ಕಡೆಯವನಾಗಿ ಎದುರಾದರೆ ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತು ಅದೇ ಅಕ್ಷತೆಯ ಫೋಟೋ ತೆಗೆಯುತ್ತಿದ್ದರು. ನೋಡಿ ನಾನು ನಕ್ಕಿದ್ದೇನೆ. ಈಗ ನೆನೆದರೆ ನಗು ಬರುವುದಿಲ್ಲ.

ಈ ಆರಿಸುವ ವರ್ಷದಲ್ಲಿ ಇವರು ನನ್ನನ್ನು ಒಮ್ಮೆ ಭೀಮಶಿಯ ಹತ್ತಿರ ಕಳಿಸಿದರು. ಒಂದು ಕುಬಸದ ಕಾರ್ಯಕ್ರಮಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಫ್ಲ್ಯಾಶ್ ಬೇಕಿತ್ತು. ತಮ್ಮ ಮೊಣಕಾಲು ನೋಯುತ್ತದೆ ಎಂದರು. "ಕೇಳಿದ್ರ, ಈ ಸಲಾ ನಾನ ತಗಿಯಾಕಿ ಅಂತ ಹೇಳು. ನನ್ನ ಕಣ್ಣಿನ ಸುದ್ದಿ ಎತ್ತಬ್ಯಾಡ" ಎಂದರು. ನಾಚಿಕೆ ಇರಬೇಕು ಎಂದುಕೊಂಡು ಹಾಗೆಯೇ ಹೇಳಿದೆ. ಭೀಮಶಿ ಕುರ್ಚಿ ಹಾಕಿ ಕೂಡಿಸಿದ, ನೀರು ಕೊಟ್ಟ, ಫ್ಲ್ಯಾಶ್ ಕೊಡಲಿಲ್ಲ. "ತಪ್ಪ ತಿಳ್ಕೋಬ್ಯಾಡ್ರಿ ವೈನಿ. ಹೆಣ್ಣಮಕ್ಕಳ ಕೈಯಾಗ ಇಂಥಾ ಸಾಮಾನು ಕೊಟ್ಟು ಕಳಸೂದು ನನಗ ಸರಿ ಅನಸೂದಿಲ್ಲ. ಅಣ್ಣಾ ಬರ್ಲಿ, ಆ ಮಾತ ಬ್ಯಾರೆ" ಎಂದ. ಬಂದು ಇವರ ಮುಂದೆ ಭೀಮಶಿಯ ಜನ್ಮ ಜಾಲಾಡಿದೆ. ಇವರು "ಹೌದೇನು" ಎಂದಷ್ಟೇ ಅಂದರು.

ಆಮೇಲೆ ಒಂದು ದಿನ ನನ್ನನ್ನು ದುಮ್ಮವಾಡಕ್ಕೆ ಹೋಗು ಎಂದಾಗ ನಾನು ಬಾಯಿ ತೆರೆದು ನಿಂತೆ. "ಮಾತ ಬಿಟ್ಟ ಮನಿಗೆ ನಾ ಯಾವ ಮಾರಿ ತಗೊಂಡ ಹೋಗ್ಲಿ?"

"ಮಾತ ಬಿಟ್ಟಾಂವ ನಾ. ನೀ ಬಿಟ್ಟಿಲ್ಲ. ಕುಬಸಕ್ಕ ಒಂದ ಲೈಟ್ ಕೇಳು. ನನ್ನ ಹೆಸರ ತಗೀಬ್ಯಾಡ, ನಿನ್ನ ಹೆಸರಲೇ ಕೇಳು."

ಮುಸ್ತಫಾ ನನ್ನನ್ನು ಕಂಡು ಎದ್ದು ನಿಂತ. ಯಾರ ಕಾರ್ಯಕ್ರಮ, ಎಷ್ಟು ದೊಡ್ಡ ಮನೆ, ಕಿಟಕಿ ಯಾವ ಕಡೆಗಿದೆ ಎಂದು ಕೇಳಿದ. ತೆಗೆಯುವವಳು ನಾನೇ ಎಂದಾಗ ಒಂದು ಗಳಿಗೆ ನನ್ನ ಮುಖ ನೋಡಿದ. "ಹಂಗಾರ ಒಂದ ಲೈಟ್ ಸಾಲೂದಿಲ್ಲ ವೈನಿ, ಎರಡ ಒಯ್ರಿ" ಎಂದು ಒಳಗೆ ಹೋಗಿ ತಂದ. ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ತನ್ನ ಹೆಂಡತಿ ಮಲಿಕಾಬಿಯನ್ನು ಕುರ್ಚಿಯ ಮೇಲೆ ಕೂಡಿಸಿ ತೋರಿಸಿದ. ಆಕೆ ಸೆರಗು ಸರಿ ಮಾಡಿಕೊಂಡು ಬಸುರಿಯ ಹಾಗೆ ಕೂತಳು, ಮೂವರೂ ನಕ್ಕೆವು. ಲೈಟ್ ಹೊತ್ತು ತಾನೇ ಬಸ್ಸಿಗೆ ಹತ್ತಿಸಿಹೋದ. ಇವರ ಸುದ್ದಿ ಒಂದೂ ಕೇಳಲಿಲ್ಲ. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಇವರು, "ಎರಡ ಒಯ್ರಿ ಅಂದನಾ?" ಎಂದು ಮತ್ತೆ ಮತ್ತೆ ಕೇಳಿದರು.

ಕೊನೆಗೊಮ್ಮೆ ಈ ವರ್ಷ ಯುಗಾದಿ ಮುಗಿದ ಮೇಲೆ ಹುಬ್ಬಳ್ಳಿಯ ಅಂಗಡಿಗೆ ಹೋದೆವು. ಎಸಿ ಅಂಗಡಿ. ಅಕೀಲ್ ಎಂಬ ಚುರುಕು ಹುಡುಗ ಗಾಜಿನ ಮೇಲೆ ಮೂರು ಕಂಪನಿಯ ಕ್ಯಾಮೆರಾ ಸಾಲಾಗಿ ಇಟ್ಟ. ನಾನು ಮನಸ್ಸಿನಲ್ಲೇ ನಿಕಾನ್ ಆರಿಸಿಯಾಗಿತ್ತು. ನಡುವೆ ಒಂದು ಅಡಾಪ್ಟರ್ ಹಾಕಿದರೆ ನಮ್ಮ ಹಳೆಯ ಲೆನ್ಸುಗಳೆಲ್ಲ ಅದಕ್ಕೆ ಕೂಡುತ್ತವೆ, ಬಳಗವೂ ಉಳಿಯುತ್ತದೆ. ಇವರು ಒಂದೊಂದನ್ನೇ ಎಡಗಣ್ಣಿಗೆ ಹಿಡಿದು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ಬೆಳ್ಳಗ ಕಾಣಸ್ತೈತೇನ್ರಿ?" ಎಂದು ಕೇಳಿದೆ. "ಹೂಂ, ಕಾಣಸ್ತೈತಿ" ಎಂದರು. ನಾನು ಆ "ಹೂಂ"ಗೆ ಒಳಗೇ ಒಂದು ಕಾಯಿ ಒಡೆಸುವ ಹರಕೆ ಹೊತ್ತೆ.

ಆಮೇಲೆ ಇವರು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, "ಚಸ್ಮಾ ಒರಸ್ಕೋತೀನಿ, ಸ್ವಲ್ಪ ಹಿಡಿ" ಎಂದರು. ಹಿಡಿದೆ. ಇವರು ಚಸ್ಮಾ ಒರೆಸಲಿಲ್ಲ. ನನ್ನ ಬಲಗೈಯನ್ನು ಹಿಡಿದು ಒಂದೊಂದೇ ಬೆರಳನ್ನು ಮುಟ್ಟಿ ನೋಡಿದರು, ತೋರುಬೆರಳು ಗುಂಡಿಗೆ ಎಟಕುತ್ತದೋ, ಹೆಬ್ಬೆರಳು ಹಿಂದಿನ ಗಾಲಿಗೆ ಎಟಕುತ್ತದೋ ಎಂದು. ಮೂರು ಕ್ಯಾಮೆರಾಕ್ಕೂ ಹೀಗೆಯೇ ಮಾಡಿದರು. ಬಳೆ ಅಂಗಡಿಯಲ್ಲಿ ಕೂಡ ಇವರು ನನ್ನ ಕೈ ಹಾಗೆ ಹಿಡಿದವರಲ್ಲ. ಅಕೀಲ್ ಬೇರೆ ಕಡೆ ನೋಡಿದ. ನನಗೆ ನಾಚಿಕೆಯಾಗಿ ಕೈ ಎಳೆದುಕೊಂಡೆ.

ಅದು ಸಾಲದೆಂಬಂತೆ, ಅಕೀಲ್‌ಗೆ ಪ್ರತಿಯೊಂದರಲ್ಲೂ ಫೋಟೋ ಹೊಡೆಯಲು ಹೇಳಿ ತಾವು ಕಣ್ಣು ಮುಚ್ಚಿ ನಿಂತರು. ಅವನು ಹೆಮ್ಮೆಯಿಂದ, "ಸರ್, ಇದರಾಗ ಸೈಲೆಂಟ್ ಮೋಡ್ ಐತ್ರಿ. ಸದ್ದ ಅಗದಿ ಬರೂದಿಲ್ಲ" ಎಂದ.

"ಸದ್ದ ಬರೂಹಂಗ ಮಾಡಾಕ ಬರ್ತೈತೋ ಇಲ್ಲೋ, ಅದನ್ನ ಹೇಳಪಾ."

"ಕ್ಯಾಮೆರಾ ತಗೋಳಾಕ ಬಂದೀರೋ, ಹಾರ್ಮೋನಿಯಂ ತಗೋಳಾಕ ಬಂದೀರೋ?" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ನಗುತ್ತಲೇ ಕೈ ಮುಗಿದು, ಮತ್ತೆ ಬರುತ್ತೇವೆ ಎಂದು ಹೊರಗೆ ನಡೆದರು.

ಬಸ್ಸಿಗೆ ಕಾಯುತ್ತ ನಿಂತಾಗ ಹೇಳಿದರು, "ಸೋನಿ ತಗೋಳೂಣು."

ನಾನು ಸುಮ್ಮನಿರುವವಳಲ್ಲ. ಬಸ್‌ಸ್ಟ್ಯಾಂಡಿನ ಮಂದಿ ತಿರುಗಿ ನೋಡುವ ಹಾಗೆ ಕೂಗಾಡಿದೆ. ಮನೆಯಲ್ಲಿರುವ ಲೆನ್ಸುಗಳನ್ನೆಲ್ಲ ಏನು ಉಪ್ಪಿನಕಾಯಿ ಹಾಕುವುದೇ ಎಂದೆ. ಅದೇ ಕಂಪನಿ ತಂದನೆಂದು ಒಬ್ಬ ಗೆಳೆಯನನ್ನು ಬಾಗಿಲಿನಿಂದ ಅಟ್ಟಿದವರು, ಈಗ ಅವನ ಕಂಪನಿಯೇ ಚಲೋ ಆಯಿತೇ ಎಂದೆ. ಇವರು ಕೊನೆಯವರೆಗೂ ಕೇಳಿಸಿಕೊಂಡರು. "ಮುಗೀತೇನು? ಹಂಗಾರ ದುಮ್ಮವಾಡಕ್ಕ ಹೋಗೂಣು ನಡಿ" ಎಂದು ಕೈಚೀಲ ಎತ್ತಿಕೊಂಡರು. ಚೀಲ ಭಾರವಿತ್ತು. ಬೆಳಗ್ಗೆ ಹೊರಡುವಾಗಲೇ ಪಾಲಿನ ಲೆನ್ಸನ್ನು ಟವೆಲಿನಲ್ಲಿ ಸುತ್ತಿ ಅದರಲ್ಲಿ ಇಟ್ಟುಕೊಂಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಮುಸ್ತಫಾ ಅಂಗಡಿಯಲ್ಲಿ ಒಬ್ಬನೇ ಕೂತು ಫೋಟೋಕ್ಕೆ ಚೌಕಟ್ಟು ಹಾಕುತ್ತಿದ್ದ. ಇವರನ್ನು ಕಂಡು ಸುತ್ತಿಗೆ ಕೆಳಗಿಟ್ಟ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಇವರು ಹೊಸ್ತಿಲು ಎಡವಿ ಒಳಗೆ ಹೋಗಿ ಲೆನ್ಸನ್ನು ಅವನ ಮುಂದೆ ಇಟ್ಟರು.

"ಇಷ್ಟ ವರ್ಷ ಆದ ಮ್ಯಾಲೆ ಇದನ್ನ ಯಾಕ ತಂದಿ ಅಣ್ಣಾ?"

"ನಿನ್ನ ಕಂಪನೀದ ಕ್ಯಾಮೆರಾ ತಗೊಳ್ಳಾಕತ್ತೀನಿ. ಹೇಳಿ ಹೋಗೂಣು ಅಂತ ಬಂದೆ."

ಮುಸ್ತಫಾ ನಕ್ಕ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಹಂಗಾರ ಈಗ ನೀನೂ ಬಳಗಾ ಬಿಟ್ಟಾಂವ ಆದಿ."

"ತಗೊಳ್ಳಾಕತ್ತಿದ್ದು ನನಗಲ್ಲ ಮುಸ್ತಫಾ. ಇಕೀಗೆ" ಎಂದು ಇವರು ನಾನು ನಿಂತ ಕಡೆ ಕೈ ಮಾಡಿದರು. "ಭೀಮಶೀ ಹಂತೇಕ ಕಳಿಸಿದ್ದೆ, ಒಂದ ಫ್ಲ್ಯಾಶ್ ಕೊಡಲಿಲ್ಲ ಅಂವಾ. ನೀ ಎರಡ ಲೈಟ್ ಕೊಟ್ಟಿ. ಕ್ಯಾಮೆರಾ ಎಲ್ಲಾ ಕಂಪನೀವೂ ಚೊಲೊನ ಅದಾವ. ನಾ ಇಲ್ಲದಾಗ ಇಕೀಗೆ ಲೆನ್ಸ್ ಕೊಡಾವ್ರು ಯಾರು, ಅಷ್ಟ ನೋಡಬೇಕಿತ್ತು ನನಗ."

"ನೀ ಇಲ್ಲದಾಗ ಅಂದ್ರ?"

"ಎಡಗಣ್ಣೂ ಉಳಿಯೂದಿಲ್ಲಂತ. ಹೋದ ಮಳಿಗಾಲದಾಗ ನಾ ಒಬ್ಬನ ಹೋಗಿ ಡಾಕ್ಟರಿಗೆ ಕೇಳಿ ಬಂದೀನಿ. ಈಗರ ನಿನ್ನ ಮಾರಿ ಕಾಣಸಬೇಕಾದ್ರ ಹುಡುಕಬೇಕು ನಾ."

ನನಗೆ ಒಂದೊಂದಾಗಿ ಎಲ್ಲ ತಿಳಿಯಿತು, ಮೊಣಕಾಲು ನೋವು, ನಾನೇ ತೆಗೆಯುವವಳು ಎಂದು ಹೇಳಿಸಿದ್ದು, ಅಂಗಡಿಯಲ್ಲಿ ಬೆರಳು ಮುಟ್ಟಿ ನೋಡಿದ್ದು. ವರ್ಷವಿಡೀ ನಾನು ಇವರ ಕಣ್ಣಿಗಾಗಿ ಕ್ಯಾಮೆರಾ ಹುಡುಕುತ್ತಿದ್ದೆ, ಇವರು ನನ್ನ ಕೈಗಾಗಿ ಹುಡುಕುತ್ತಿದ್ದರು. ಅಳು ಬರಲಿಲ್ಲ ನನಗೆ, ಸಿಟ್ಟು ಬಂತು. "ಹಂಗಾರ ದಿನಾ ಹೊತ್ತಹೊತ್ತಿಗೆ ಔಷಧ ಬಿಡಾಕಿ ನಾ ಯಾರ್ರಿ? ಹುಚ್ಚಿ ಏನ ನಾನು? ಗೊತ್ತಿದ್ದೂ ಯಾಕ ಬಿಡಸ್ಕೊಂಡ್ರಿ?" ಎಂದು ಕೂಗಿದೆ.

"ನೀ ಬಿಡೂ ಮುಂದ ನಿನ್ನ ಮಾರಿ ಅಗದಿ ಸಮೀಪ ಬರ್ತಿತ್ತು" ಎಂದರು ಇವರು. "ಅಷ್ಟ ಸಮೀಪ ಬಂದ್ರ ಈಗೂ ಕಾಣಸ್ತೈತಿ."

ಆಮೇಲೆ ನಾನು ಮಲಿಕಾಬಿಯ ಅಡುಗೆಮನೆಯಲ್ಲಿ ಕೂತು ಅತ್ತೆ. ಆಕೆ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು. ಹೊರಗೆ ಬಂದಾಗ ಮುಸ್ತಫಾ ದೊಡ್ಡ ಲೆನ್ಸನ್ನು ಅದೇ ಟವೆಲಿನಲ್ಲಿ ಸುತ್ತಿ ಇವರ ಚೀಲದಲ್ಲಿ ತಿರುಗಿ ಇಡುತ್ತಿದ್ದ. ಅವನ ಕಣ್ಣೂ ಕೆಂಪಗಾಗಿದ್ದವು. "ಇದು ಹಳೇ ಕ್ಯಾಮೆರಾದ ಬಾಜು ಇರ್ಲಿ, ಮಾರಬ್ಯಾಡ" ಎಂದ. ನನ್ನ ಕಡೆ ತಿರುಗಿ, "ವೈನಿ, ಯಾವ ಲೆನ್ಸ್ ಬೇಕಾದ್ರೂ ಸೀದಾ ನನಗ ಫೋನ್ ಹಚ್ರಿ. ಇನ್ನ ಮುಂದ ಅಣ್ಣನ್ನ ಕೇಳೂದಿಲ್ಲ ನಾ" ಎಂದ. ನನಗೆ ಆ ಮಾತು ಬೇಡವಾಗಿತ್ತು. ಆದರೂ ತಲೆ ಅಲ್ಲಾಡಿಸಿದೆ.

ಕ್ಯಾಮೆರಾ ಬಂತು. ಮಳೆಗಾಲವೆಲ್ಲ ಇವರು ಸ್ಟುಡಿಯೋದ ಬೆಂಚಿನ ಮೇಲೆ ಕೂತು ನನಗೆ ಕಲಿಸಿದರು. ನೀರು ಕುಡಿಯುವವನನ್ನು, ಕೊಡೆ ಮಡಚುವವನನ್ನು, ಬಸ್ಸು ಹತ್ತುವವರನ್ನು ತೆಗೆ ಎನ್ನುತ್ತಿದ್ದರು. ನಾನು ಗುಂಡಿ ಒತ್ತಿದರೆ ಸದ್ದಿನ ಮೇಲೆಯೇ ತಪ್ಪು ಹೇಳುತ್ತಿದ್ದರು. ಕ್ಯಾಮೆರಾದೊಳಗಿನ ಪರದೆ ಮುಚ್ಚಲು ತಡವಾಯಿತು, ಚಿತ್ರ ಅಲುಗಿರುತ್ತದೆ ನೋಡು ಎನ್ನುತ್ತಿದ್ದರು. ನೋಡಿದರೆ ಅಲುಗಿರುತ್ತಿತ್ತು. ಅಂಗಡಿಯಲ್ಲಿ ಸದ್ದು ಕೇಳಿದ್ದು ಯಾಕೆಂದು ಆಗ ಗೊತ್ತಾಯಿತು. ಹನಿ ಔಷಧ ನಾನು ನಿಲ್ಲಿಸಲಿಲ್ಲ. ಬಿಡುವಾಗ ಮೊದಲಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿ ನಿಲ್ಲುತ್ತಿದ್ದೆ.

ದಸರೆಯ ಹೊತ್ತಿಗೆ ದೇವಿಕೊಪ್ಪದಿಂದ ಫೋನ್ ಬಂತು. ಸಿದ್ಧಾರೂಢ ಎಂಬವರು, ಹಳೆಯ ಪರಿಚಯ. "ಗೌರೀಶಣ್ಣಾ, ನಮ್ಮವ್ವ ಹೋದ್ಲು. ಜಲ್ದಿ ಬರ್ರಿ" ಎಂದರು. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೂಮಾಲೆ ಹಾಕಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಮಕ್ಕಳು ಮೊಮ್ಮಕ್ಕಳು ಸುತ್ತ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೊಂದಕ್ಕೆ ಮಂದಿ ಇನ್ನೂ ಮೊಬೈಲ್ ನಂಬುವುದಿಲ್ಲ. ಮತ್ತೊಮ್ಮೆ ತೆಗೆಯುತ್ತೇನೆ ಎನ್ನಲು ಬರುವ ಫೋಟೋ ಅಲ್ಲ ಅದು.

ಶಾರದವ್ವ ಹಸಿರು ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತಿದ್ದಳು. ಭಜನೆ ನಡೆದಿತ್ತು. ಕ್ಯಾಮೆರಾ ನನ್ನ ಕೈಯಲ್ಲಿರುವುದನ್ನು ಕಂಡು ಸಿದ್ಧಾರೂಢ ಇವರ ಮುಖ ನೋಡಿದರು. ಇವರು ಮೆಲ್ಲಗೆ, "ಇನ್ನ ಮುಂದ ಇಕೀನ ತಗಿಯಾಕಿ. ನಾ ಲೈಟ್ ಹಿಡಿಯಾಂವ" ಎಂದರು. ಅಷ್ಟು ಮಂದಿಯ ಮುಂದೆ ಆ ಮಾತನ್ನು ಅವರು ಹೇಗೆ ಆಡಿದರೋ. ನಾನಾಗಿದ್ದರೆ ಆಡುತ್ತಿರಲಿಲ್ಲ.

ಅವರು ಲೈಟ್ ಎತ್ತಿ ಹಿಡಿದರು. ಬೆಳಕು ಶಾರದವ್ವನ ಮೇಲಲ್ಲ, ಬಾಜುವಿನ ಖಾಲಿ ಗೋಡೆಯ ಮೇಲೆ ಬಿತ್ತು. ನಾನು ಹೋಗಿ ಅವರ ಮುಂಗೈ ಹಿಡಿದು ತಿರುಗಿಸಿದೆ. ಎಷ್ಟೋ ಮದುವೆಗಳಲ್ಲಿ ಅವರು ನನ್ನ ಮುಂಗೈಯನ್ನು ಹೀಗೆಯೇ ಹಿಡಿದು ತಿರುಗಿಸಿದ್ದರು, ಬೈಯುತ್ತ.

ಸಾವಿನ ಮನೆ, ಸದ್ದು ಬೇಡ ಎಂದು ಕ್ಯಾಮೆರಾದ ಸದ್ದು ತೆಗೆದಿದ್ದೆ. ಮಕ್ಕಳು ಸುತ್ತ ಕೂತರು. ತೆಗೆದೆ, ಮತ್ತೆ ಮತ್ತೆ ತೆಗೆದೆ. ಚಲೋ ಬಂದವು. ತಲೆ ಎತ್ತಿ ನೋಡಿದರೆ ಇವರು ಕಿವಿಯನ್ನು ನನ್ನ ಕಡೆ ತಿರುಗಿಸಿ ಲೈಟ್ ಹಿಡಿದು ನಿಂತಿದ್ದರು. ನಾನು ಇನ್ನೂ ಒತ್ತಿಯೇ ಇಲ್ಲ, ಒತ್ತಲು ಹೆದರಿ ನಿಂತಿದ್ದೇನೆ ಎಂದು ತಿಳಿದಿದ್ದರು.

"ತಗದೇನು?" ಎಂದು ಪಿಸುಗುಟ್ಟಿದರು.

"ಇನ್ನೂ ಇಲ್ರಿ" ಎಂದೆ. ಸದ್ದು ಹಾಕಿದೆ. ಒತ್ತಿದೆ. ಖಟ್ ಎಂದಿತು.

ಅವರ ಹೆಗಲು ಇಳಿದವು. "ತಡಾ ಆತು. ಅಳೋ ಮಂದಿ ಅಲಗ್ಯಾಡ್ತಾರ, ಸ್ಪೀಡ್ ಏರಸು" ಎಂದರು. ಏರಿಸಿ ಮತ್ತೆ ಒತ್ತಿದೆ. "ಹಾಂ" ಎಂದರು. ಸಾವಿನ ಮನೆಯಲ್ಲಿ ನಗಬಾರದು, ಆದರೆ ಅವರ ಮುಖದಲ್ಲಿ ನಗು ಬಂದು ಹೋಯಿತು.

ಮಣ್ಣು ಮುಗಿಸಿ ಬಂದು ನಾವು ದೇವಿಕೊಪ್ಪದ ಬಸ್‌ಸ್ಟಾಪಿನಲ್ಲಿ ಕೂತೆವು. ಎದುರಿಗೆ ಗೋವಿನಜೋಳದ ಹೊಲ, ಸಂಜೆಯ ಬಿಸಿಲು. ಇವರು ಲೈಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು, ಮುಖದ ಅರ್ಧಕ್ಕೆ ಬಿಸಿಲು ಬಿದ್ದಿತ್ತು. ನನಗೆ ಏನನ್ನಿಸಿತೋ, ಕ್ಯಾಮೆರಾ ಎತ್ತಿ ಒತ್ತಿದೆ.

ಇವರು ತಲೆ ಎತ್ತಿದರು. "ಏನ ತಗದಿ?"

"ನಿಮ್ಮನ್ನ."

ಇವರು ಅಂಗಿಯ ಕಾಲರ್ ಸರಿ ಮಾಡಿಕೊಂಡರು, ಫೋಟೋ ತೆಗೆದಾದ ಮೇಲೆ. ಆಮೇಲೆ, ಜೀವನವಿಡೀ ಮಂದಿ ತಮ್ಮನ್ನು ಕೇಳಿದ ಮಾತನ್ನೇ ನನಗೆ ಕೇಳಿದರು.

"ಕಣ್ಣ ಮುಚ್ಚಿದ್ನೇನು?"

ಫೋಟೋ ನೋಡಿದೆ. ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು. ನನ್ನನ್ನು ಹುಡುಕುತ್ತ, ನಾನು ನಿಂತದ್ದಕ್ಕಿಂತ ಒಂದು ಗೇಣು ಆಚೆ ನೋಡುತ್ತಿದ್ದವು.

"ಇಲ್ರಿ" ಎಂದೆ. "ಮುಚ್ಚಿಲ್ಲ."